ಮೆರವಣಿಗೆಯ ಡಿಜೆ ಮತ್ತು ಸ್ವಂತ ಹಾಡಿನ ಪ್ರಶ್ನೆ

ಸಿಂಥಸೈಜರ್, ತಾಳಯಂತ್ರ, ಕಂಪ್ಯೂಟರು ಮುಂತಾದ ಸಾಧನಗಳಲ್ಲಿ ವಿದ್ಯುತ್ ಸಂಕೇತವಾಗಿಯೇ ಹುಟ್ಟಿ, ಅಲ್ಲೇ ಜೋಡಣೆಗೊಂಡು, ಧ್ವನಿವರ್ಧಕದಿಂದ ಹೊರಬಿದ್ದ ಮೇಲಷ್ಟೇ ಗಾಳಿಯನ್ನು ಮುಟ್ಟುವ, ಜನ ಕುಣಿಯಲೆಂದೇ ಕಟ್ಟಿದ ಸಂಗೀತಕ್ಕೆ ವಿದ್ಯುನ್ಮಾನ ಕುಣಿತ ಸಂಗೀತವೆಂಬ ಹೆಸರಿದೆ. ಇದರ ಹಿಂದೆ ಮೂರು ಬಗೆಯ ಕೆಲಸಗಳಿವೆ. ಹಾಡನ್ನು ಕಟ್ಟುವವರನ್ನು ಪ್ರೊಡ್ಯೂಸರ್ ಎನ್ನುತ್ತಾರೆ. ಚಲನಚಿತ್ರರಂಗದಲ್ಲಿ ಹಣ ಹೂಡುವವರಿಗೆ ಇರುವ ಹೆಸರೇ ಇದಾದರೂ ಇಲ್ಲಿ ಆ ವ್ಯಕ್ತಿ ಸಂಯೋಜಕ, ವಾದಕ, ಧ್ವನಿಮುದ್ರಕ ಮೂರೂ ಆಗಿರುವುದುಂಟು, ಹಣ ಮಾತ್ರ ಹಲವೊಮ್ಮೆ ಇರುವುದಿಲ್ಲ. ಕಟ್ಟಿದ ಹಾಡನ್ನು ಹೆಸರು, ಹಕ್ಕು, ಸಂಖ್ಯೆಗಳ ಸಮೇತ ಜನರ ಮುಂದಿಡುವುದು ಬಿಡುಗಡೆಯ ಕೆಲಸ. ಹೀಗೆ ಬಿಡುಗಡೆಯಾದ ಹಲವರ ಹಾಡುಗಳನ್ನು ಆರಿಸಿ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಅದರ ನಡೆಗೆ ಕೂಡಿಸಿ, ಗಂಟೆಗಟ್ಟಲೆ ಕುಣಿತ ಕಡಿಯದಂತೆ ನಡೆಸುವುದು ಡಿಜೆಯ ಕೆಲಸ. ಕೋಲಾರ ಚಿನ್ನದ ಗಣಿ ಪ್ರದೇಶದ ಆಂಡರ್ಸನ್‌ಪೇಟೆಯಂತಹ ಊರುಗಳ ಬೀದಿಯಲ್ಲಿ ಈ ಮೂರರ ಪೈಕಿ ಕಣ್ಣಿಗೂ ಕಿವಿಗೂ ಬೀಳುವುದು ಕೊನೆಯದೊಂದೇ. ಅದೂ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಧ್ವನಿವರ್ಧಕ ಬಾಕ್ಸುಗಳ ರೂಪದಲ್ಲಿ. ಮೊದಲಿನ ಎರಡು ಕೆಲಸಗಳು ಈ ಬೀದಿಯೊಡನೆ ಕೂಡಿಕೊಳ್ಳುವ ದಾರಿ ಯಾವುದು ಎಂಬುದು ಈ ಭಾಷಣದ ವಿಷಯ.

ಆಂಡರ್ಸನ್‌ಪೇಟೆ ಗಣಿಯ ಆಸರೆಯಲ್ಲಿ ಬೆಳೆದ ಪೇಟೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ನಂತರ ಉತ್ತರ ಆರ್ಕಾಟ್ ಕಡೆಯ ತಮಿಳು ಕುಟುಂಬಗಳು, ಅವುಗಳಲ್ಲಿ ಬಹುಪಾಲು ದಲಿತರು, ಇಲ್ಲಿಗೆ ಬಂದು ನೆಲೆಸಿದರು. ತೆಲುಗರು, ಸುತ್ತಲಿನ ಕನ್ನಡಿಗರು, ಆಂಗ್ಲೋ ಇಂಡಿಯನ್ನರು ಅವರೊಡನೆ ಸೇರಿದರು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಗಣಿಯ ಯಂತ್ರಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ರಾಜಧಾನಿಗಿಂತ ಮೊದಲೇ ವಿದ್ಯುತ್ತನ್ನು ಕಂಡ ಈ ನೆಲದಲ್ಲಿ ಕುಣಿತ ಎರಡು ಕಡೆ ನಡೆಯುತ್ತಿತ್ತು. ಅಧಿಕಾರಿಗಳ ಕ್ಲಬ್ಬುಗಳಲ್ಲಿ ಬ್ಯಾಂಡಿನ ಪಾಶ್ಚಾತ್ಯ ನೃತ್ಯವಿತ್ತು, ಅಲ್ಲಿಗೆ ಕೂಲಿಕಾರರಿಗೆ ಪ್ರವೇಶವಿರಲಿಲ್ಲ. ಅವರು ವಾಸವಿದ್ದ ಲೈನ್ ಮನೆಗಳ ನಡುವಿನ ಬೀದಿಯಲ್ಲಿ ಹಬ್ಬಕ್ಕೂ ಮದುವೆಗೂ ಸಾವಿಗೂ ತಮಟೆಯಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನ ದುಡಿಯುವ ಜನ ಇಂದು ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಬೀದಿಯ ಕುಣಿತ ಮಾತ್ರ ಗಣಿಯ ಜೊತೆ ಮುಚ್ಚಲಿಲ್ಲ.

ತಮಿಳಿನವರು ಪರೈ ಎಂದು ಕರೆಯುವ ತಮಟೆಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಡಿಜೆಯ ಕೆಲಸ ಹೊಸದಾಗಿ ಕಾಣುವುದಿಲ್ಲ. ಮೇಳ ಹೊರಡುವ ಮುನ್ನ ಬೀದಿಯ ಮೂಲೆಯಲ್ಲಿ ಒಣಹುಲ್ಲನ್ನೋ ರದ್ದಿ ಕಾಗದವನ್ನೋ ಹೊತ್ತಿಸಿ, ತಮಟೆಯ ಚರ್ಮವನ್ನು ಉರಿಯ ಮುಂದೆ ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಾ, ತೇವವೆಲ್ಲ ಆರಿ ಚರ್ಮ ಬಿಗಿದು ನಾದ ಏರುವ ತನಕ ಕಾಯಿಸುತ್ತಾರೆ. ಸಂಜೆಯ ತಂಪಿಗೆ ಚರ್ಮ ಸಡಿಲಿಸಿದಂತೆಲ್ಲ ಇದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಬಲಗೈಯ ಗಿಡ್ಡ ದಪ್ಪ ಕೋಲು ಚರ್ಮದ ನಡುವೆ ಬಿದ್ದು ತಗ್ಗಿನ ಪೆಟ್ಟನ್ನು ಕೊಡುತ್ತದೆ, ಎಡಗೈಯ ಉದ್ದನೆಯ ತೆಳ್ಳನೆಯ ಬಿದಿರ ಸೀಳು ಅಂಚಿಗೆ ತಾಗಿ ಚುರುಕಾದ ಸದ್ದನ್ನು ಕೊಡುತ್ತದೆ, ಹೀಗೆ ಒಂದೇ ವಾದ್ಯದಲ್ಲಿ ಎರಡು ಶ್ರುತಿಗಳ ಮಾತುಕತೆ ನಡೆಯುತ್ತದೆ. ಮುಂದಾಳು ಒಂದು ಪೆಟ್ಟನ್ನು ಹಿಡಿದರೆ ಉಳಿದವರು ಅದನ್ನು ತುಂಬಿಕೊಳ್ಳುತ್ತಾರೆ. ಕುಣಿಯುವವರ ಕಾಲು ನೋಡಿ ಅವನು ವೇಗ ಏರಿಸುತ್ತಾನೆ, ಒಮ್ಮೆಲೇ ಎಲ್ಲರನ್ನೂ ನಿಲ್ಲಿಸುತ್ತಾನೆ, ಒಂದೆರಡು ಕ್ಷಣದ ಮೌನವಾದ ಮೇಲೆ ಪೂರ್ತಿ ಬಲದೊಡನೆ ಮರಳುತ್ತಾನೆ. ವಿದ್ಯುನ್ಮಾನ ಸಂಗೀತದಲ್ಲಿ ಡ್ರಾಪ್ ಎಂದು ಕರೆಯುವ ಘಟ್ಟ, ಎಂದರೆ ತಾಳವನ್ನು ತಡೆಹಿಡಿದು ನಿರೀಕ್ಷೆಯನ್ನು ಬೆಳೆಸಿ ಮತ್ತೆ ಸುರಿಯುವ ಉಪಾಯ, ಇದೇ. ಹಿಂದೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಸಂದದ್ದರಿಂದ ಈ ವಿದ್ಯೆಗೆ ಸರ್ಕಾರದ ಮನ್ನಣೆಯೂ ದೊರೆತಂತಾಯಿತು.

ಆದರೂ ಈಚಿನ ಮೆರವಣಿಗೆಗಳಲ್ಲಿ ತಮಟೆಯ ಜಾಗವನ್ನು ಡಿಜೆ ಆಕ್ರಮಿಸಿಕೊಂಡಿರುವುದನ್ನು ಬರಿಯ ನಷ್ಟವೆಂದು ಲೆಕ್ಕ ಹಾಕುವುದು ದೂರ ನಿಂತು ನೋಡುವವರ ಅನುಕೂಲ. ತಮಟೆ ಬಡಿಯುವುದನ್ನು ಒಂದು ಜಾತಿಯ ಮೇಲೆ ಹೊರಿಸಿದ್ದ, ಅದರಲ್ಲೂ ಸಾವಿನ ಮನೆಯ ಬಿಟ್ಟಿ ಚಾಕರಿಯಾಗಿ ಹೊರಿಸಿದ್ದ ಸಮಾಜದಲ್ಲಿ, ಅದೇ ಸಮುದಾಯದ ಹುಡುಗನೊಬ್ಬ ಮಿಕ್ಸರಿನ ಹಿಂದೆ ನಿಂತು ಬೀದಿಯನ್ನೆಲ್ಲ ಕುಣಿಸುವಾಗ ಅವನ ಮೇಲೆ ಆ ಹಳೆಯ ಮುದ್ರೆ ಬೀಳುವುದಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ತಕರಾರು ಇರುವುದು ಬೇರೆ ಕಡೆ. ಸೌಂಡ್ ಸರ್ವಿಸಿನವರಿಗೆ ಬಾಡಿಗೆ ಬರುವುದು ಬಾಕ್ಸಿನ ಲೆಕ್ಕದಲ್ಲಾದ್ದರಿಂದ ಸ್ಪರ್ಧೆಯೆಲ್ಲ ಬಾಕ್ಸಿನ ಸಂಖ್ಯೆಗೆ ಇಳಿದಿದೆ, ಬೇಸ್ ಎಷ್ಟು ಹೊಡೆಯುತ್ತದೆ ಎಂಬುದಷ್ಟೇ ಮಾತಾಗಿ, ಯಾವ ಹಾಡು, ಯಾವುದರ ನಂತರ, ಏಕೆ ಎಂಬ ಪ್ರಶ್ನೆ ಹಿಂದೆ ಬಿದ್ದಿದೆ.

ಬೇಸ್ ಎನ್ನುವುದು ತಗ್ಗಿನ ಕಂಪನಾಂಕದ ನಾದ. ಸೆಕೆಂಡಿಗೆ 50 ಬಾರಿ ಕಂಪಿಸುವ, ಎಂದರೆ 50 ಹರ್ಟ್ಸ್‌ನ, ಅಲೆಯೊಂದರ ಉದ್ದ ಗಾಳಿಯಲ್ಲಿ ಸುಮಾರು 7 ಮೀಟರ್. ಮನುಷ್ಯನ ಕಿವಿ ಇಂಥ ನಾದಕ್ಕೆ ಮಂದವಾದ್ದರಿಂದ ಅದನ್ನು ಕೇಳಿಸಲು ದೊಡ್ಡ ಶಂಕುವಿನ ಬಾಕ್ಸು, ಹೆಚ್ಚಿನ ವಿದ್ಯುತ್ತು ಬೇಕು. ಅದು ಎದೆಗೂ ಅಂಗಾಲಿಗೂ ತಾಗುತ್ತದೆ ಎಂಬುದು ಗಣಿಯೂರಿನವರಿಗೆ ವಿವರಿಸಬೇಕಾದ ಮಾತಲ್ಲ, ಏಕೆಂದರೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಗಣಿಯೊಳಗೆ ಬಂಡೆ ಸಿಡಿದಾಗ ಮೇಲಿನ ಮನೆಗಳು ಅದುರಿದ ನೆನಪು ಇಲ್ಲಿನ ಹಿರಿಯರಲ್ಲಿದೆ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಸಿದರೆ ಸದ್ದಿನ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಶಕ್ತಿ ಹತ್ತು ಪಟ್ಟಾಗಬೇಕು. ಬಾಕ್ಸಿನ ಮೇಲೆ ಬಾಕ್ಸು ಪೇರಿಸಿ ಗೆಲ್ಲಹೊರಟವರು ಈ ಲೆಕ್ಕದ ಮುಂದೆ ಸೋಲುತ್ತಾರೆ. ಆಂಪ್ಲಿಫೈಯರಿನ ಮಿತಿ ದಾಟಿಸಿದಾಗ ಅಲೆಯ ನೆತ್ತಿ ಕತ್ತರಿಸಿ ನಾದ ಒಡೆಯುತ್ತದೆ, ಬೇಸ್ ಹೋಗಿ ಬರೀ ಗದ್ದಲ ಉಳಿಯುತ್ತದೆ. ಕಾನೂನಿನ ಮಿತಿ ಇನ್ನೂ ಬಿಗಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ, ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ.

ಬಾಕ್ಸುಗಳನ್ನು ಬೀದಿಗೆ ತಂದು ಪೈಪೋಟಿ ನಡೆಸಿದ ಮೊದಲಿಗರು ಕೋಲಾರದವರಲ್ಲ. ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1950ರ ದಶಕದಲ್ಲಿಯೇ ಸೌಂಡ್ ಸಿಸ್ಟಮ್ ಎಂಬ ಪದ್ಧತಿ ಬೆಳೆದಿತ್ತು. ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಮೊದಲಾದ ಒಡೆಯರು ದೊಡ್ಡ ಬಾಕ್ಸುಗಳನ್ನು ಅಂಗಳದಲ್ಲಿಟ್ಟು, ಅಮೆರಿಕದಿಂದ ತರಿಸಿದ ರಿದಮ್ ಅಂಡ್ ಬ್ಲೂಸ್ ಧ್ವನಿತಟ್ಟೆಗಳನ್ನು ನುಡಿಸಿ, ಎದುರಾಳಿಯ ಬಳಿ ಇಲ್ಲದ ಹಾಡಿನಿಂದ ಜನರನ್ನು ತಮ್ಮ ಕಡೆಗೆ ಸೆಳೆಯುತ್ತಿದ್ದರು. ಅಮೆರಿಕದಲ್ಲಿ ಅಂಥ ಹಾಡುಗಳ ಹರಿವು ಬತ್ತಿದಾಗ ಈ ಒಡೆಯರು ಊರಿನ ಗಾಯಕರನ್ನೂ ವಾದಕರನ್ನೂ ಕರೆದು ತಾವೇ ಹಾಡು ಮುದ್ರಿಸತೊಡಗಿದರು, ಡಾಡ್ 1963ರಲ್ಲಿ ಸ್ಟುಡಿಯೋ ಒನ್ ಅನ್ನು ತೆರೆದರು, ಸ್ಕಾ ಮತ್ತು ರೆಗೆ ಸಂಗೀತ ಈ ಪೈಪೋಟಿಯಿಂದ ಬೆಳೆದವು. ಇನ್ನೂ ಮುಖ್ಯನಾದವನು ರೇಡಿಯೊ, ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುತ್ತಿದ್ದ ಆಸ್ಬರ್ನ್ ರಡಕ್, ಜನ ಕರೆದ ಹೆಸರಿನಲ್ಲಿ ಕಿಂಗ್ ಟಬ್ಬಿ. ಮುದ್ರಿತ ಹಾಡಿನಿಂದ ಗಾಯಕನ ದನಿಯನ್ನು ತೆಗೆದು, ಬೇಸ್ ಮತ್ತು ಡ್ರಮ್ಮನ್ನಷ್ಟೇ ಉಳಿಸಿ, ಅಲ್ಲಲ್ಲಿ ಪ್ರತಿಧ್ವನಿಯನ್ನು ಸೇರಿಸಿ, ಮಿಕ್ಸರನ್ನೇ ವಾದ್ಯದಂತೆ ಬಳಸಿ ಅವನು ಕಟ್ಟಿದ ಡಬ್ ಎಂಬ ಪದ್ಧತಿ ಇಂದಿನ ರೀಮಿಕ್ಸಿನ ತಾಯಿಬೇರು. ಕಿಂಗ್‌ಸ್ಟನ್ನಿನಲ್ಲೇ ಹುಟ್ಟಿ ನ್ಯೂಯಾರ್ಕಿಗೆ ವಲಸೆ ಹೋದ ಕೂಲ್ ಹರ್ಕ್ 1973ರಲ್ಲಿ ಬ್ರಾಂಕ್ಸ್ ಬಡಾವಣೆಯಲ್ಲಿ, ಒಂದೇ ಹಾಡಿನ ಎರಡು ತಟ್ಟೆಗಳನ್ನು ಅಕ್ಕಪಕ್ಕದಲ್ಲಿಟ್ಟು ಅದರ ಡ್ರಮ್ ಭಾಗವನ್ನು ಮತ್ತೆ ಮತ್ತೆ ನುಡಿಸಿ ಹಿಪ್ ಹಾಪ್‌ಗೆ ನೆಲೆ ಹಾಕಿದ.

ಮುಂದಿನ ಕಥೆ ಕಾರ್ಖಾನೆಯೂರುಗಳದು. ಷಿಕಾಗೋದಲ್ಲಿ 1977ರಲ್ಲಿ ತೆರೆದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ ಡಿಸ್ಕೊ ಹಾಡುಗಳನ್ನು ತಿದ್ದಿ ಉದ್ದವಾಗಿಸಿ ನುಡಿಸಿದ್ದರಿಂದ ಹೌಸ್ ಸಂಗೀತಕ್ಕೆ ಹೆಸರೂ ರೂಪವೂ ಬಂದವು. ಕಾರು ಕಾರ್ಖಾನೆಗಳು ಕುಸಿಯುತ್ತಿದ್ದ ಡೆಟ್ರಾಯಿಟಿನ ಹತ್ತಿರ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಶಾಲಾ ಗೆಳೆಯರು ಟೆಕ್ನೊ ಎಂಬ ಯಂತ್ರಧ್ವನಿಯ ಸಂಗೀತವನ್ನು ಕಟ್ಟಿದರು. ಗಣಿ ಮುಚ್ಚಿದ ಊರಿನ ಎದುರು ಡೆಟ್ರಾಯಿಟನ್ನು ಇಟ್ಟು ಸಮಾಧಾನ ಹೇಳುವುದು ಸುಲಭ, ಆದರೆ ಕೆಲಸ ಹೋದ ಊರಿನಲ್ಲೆಲ್ಲ ಸಂಗೀತ ತಾನಾಗಿ ಹುಟ್ಟುವುದಿಲ್ಲ. ಆ ಮೂವರು ಮಾಡಿದ ಇನ್ನೊಂದು ಕೆಲಸದ ಮೇಲೆ ಗಮನವಿಡಬೇಕು: ಬೇರೆ ಕಂಪನಿಯ ಬಾಗಿಲು ಕಾಯದೆ ಆಟ್ಕಿನ್ಸ್ 1985ರಲ್ಲಿ ಮೆಟ್ರೊಪ್ಲೆಕ್ಸ್ ಎಂಬ ಸ್ವಂತ ಲೇಬಲ್ಲನ್ನು, ಎಂದರೆ ಹಾಡು ಬಿಡುಗಡೆ ಮಾಡುವ ಸಂಸ್ಥೆಯನ್ನು, ಆರಂಭಿಸಿದ, ಉಳಿದ ಇಬ್ಬರೂ ಒಂದೆರಡು ವರ್ಷಗಳಲ್ಲಿ ತಮ್ಮ ತಮ್ಮ ಲೇಬಲ್ಲುಗಳನ್ನು ಕಟ್ಟಿಕೊಂಡರು. ಕಿಂಗ್‌ಸ್ಟನ್ನಿನ ಬೀದಿಗೂ ಕೋಲಾರ ಜಿಲ್ಲೆಯ ಬೀದಿಗೂ ಇರುವ ಅಂತರ ಇಲ್ಲಿಯೇ ಇದೆ. ಬಾಕ್ಸು ಎರಡೂ ಕಡೆ ಇದೆ, ಪೈಪೋಟಿ ಇದೆ, ಕುಣಿಯುವ ಜನ ಇದ್ದಾರೆ. ಅಲ್ಲಿ ಬಾಕ್ಸಿನ ಒಡೆಯ ಹಾಡಿನ ಒಡೆಯನೂ ಆದ, ಇಲ್ಲಿ ಹಾಡು ಬಹುಮಟ್ಟಿಗೆ ಸಿನಿಮಾದಿಂದ ಎರವಲು ಬರುತ್ತದೆ.

ಹಾಡು ಕಟ್ಟುವುದಕ್ಕೆ ಹಿಂದೆ ಇದ್ದ ಅಡ್ಡಿ ಸಲಕರಣೆಯ ಬೆಲೆ. ಈಗ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎಂಬ ತಂತ್ರಾಂಶ, ಎಂದರೆ ಮುದ್ರಣ, ವಾದ್ಯ, ಜೋಡಣೆ, ಮಿಶ್ರಣಗಳನ್ನೆಲ್ಲ ಒಂದೇ ಪರದೆಯಲ್ಲಿ ನಡೆಸುವ ವ್ಯವಸ್ಥೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೂರುತ್ತದೆ. 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಹೊರಟ ಎಫ್‌ಎಲ್ ಸ್ಟುಡಿಯೊ, 2001ರ ಏಬಲ್‌ಟನ್ ಲೈವ್ ಇವೆರಡೂ ಹೆಚ್ಚು ಬಳಕೆಯಲ್ಲಿವೆ. ಚಿನ್ನದ ಗಣಿಯ ಹೆಸರನ್ನೇ ಹೊತ್ತು 2018 ಮತ್ತು 2022ರಲ್ಲಿ ಬಂದ ಕೆಜಿಎಫ್ ಚಿತ್ರಗಳ ಸಂಗೀತ ನಿರ್ದೇಶಕ ರವಿ ಬಸ್ರೂರು ಕುಂದಾಪುರ ತಾಲ್ಲೂಕಿನ ಬಸ್ರೂರಿನವರು, ಆ ಊರಿನಲ್ಲೇ ಸ್ಟುಡಿಯೊ ಕಟ್ಟಿಕೊಂಡವರು. ಭಾರಿ ತಾಳವಾದ್ಯ, ಗುಂಪಿನ ದನಿ, ಕಂಪ್ಯೂಟರಿನ ಬೇಸ್ ಮೂರನ್ನೂ ಬೆಸೆಯುವ ಅವರ ಕೆಲಸವನ್ನು ಗಮನಿಸಿದರೆ ದೊಡ್ಡ ಸದ್ದಿಗೆ ದೊಡ್ಡ ಊರೇ ಬೇಕೆಂಬ ನಂಬಿಕೆ ಉಳಿಯುವುದಿಲ್ಲ.

ಹೌಸ್ ಮಾದರಿಯ ಹಾಡೊಂದರ ಅಸ್ತಿವಾರ ಕಿಕ್ ಎಂಬ ತಗ್ಗಿನ ಡ್ರಮ್ಮಿನ ಪೆಟ್ಟು. ನಾಲ್ಕು ಎಣಿಕೆಯ ಆವರ್ತದಲ್ಲಿ ನಾಲ್ಕಕ್ಕೂ ಅದು ಬೀಳುತ್ತದೆ. ನಿಮಿಷಕ್ಕೆ 125 ಪೆಟ್ಟಿನ ವೇಗ ಹಿಡಿದರೆ ಎಂಟು ಆವರ್ತಕ್ಕೆ ಸುಮಾರು 15 ಸೆಕೆಂಡು ಬೇಕು. ಪ್ರೊಡ್ಯೂಸರ್ ಎಂಟೆಂಟು ಆವರ್ತಗಳ ಅಳತೆಯಲ್ಲಿ ಒಂದು ಪದರವನ್ನು ಸೇರಿಸುತ್ತಾ, ಇನ್ನೊಂದನ್ನು ತೆಗೆಯುತ್ತಾ ಹೋಗುತ್ತಾನೆ. ಕಿಕ್ಕೂ ಬೇಸಿನ ಸ್ವರವೂ ಒಂದೇ ತಗ್ಗಿನಲ್ಲಿ ಕೂತರೆ ಎರಡೂ ಕಲಸಿಹೋಗುವುದರಿಂದ, ಕಿಕ್ ಬಿದ್ದ ಗಳಿಗೆಯಲ್ಲೆಲ್ಲ ಬೇಸ್ ತಾನಾಗಿ ಕುಗ್ಗುವಂತೆ ಮಾಡುತ್ತಾರೆ. ಈ ತಂತ್ರಕ್ಕೆ ಸೈಡ್‌ಚೈನ್ ಎಂದು ಹೆಸರು, ಕುಣಿತದ ಹಾಡುಗಳು ಉಸಿರಾಡುತ್ತಿರುವಂತೆ ಕೇಳಿಸುವುದಕ್ಕೆ ಅದೇ ಕಾರಣ. ತಮಟೆಯನ್ನು ಈ ಚೌಕಟ್ಟಿಗೆ ತರುವಾಗ ನಿಜವಾದ ಕಷ್ಟ ಎದುರಾಗುತ್ತದೆ. ಮೆರವಣಿಗೆಯ ಹಲವು ಪೆಟ್ಟುಗಳು ಮೂರರ ಹೆಜ್ಜೆಯ ತಿಶ್ರ ನಡೆಯಲ್ಲಿರುತ್ತವೆ, ವೇಗವೂ ಉತ್ಸಾಹದೊಡನೆ ಏರುತ್ತಾ ಹೋಗುತ್ತದೆ. ಪೆಟ್ಟುಗಳನ್ನು ಕೂರಿಸಲು ತಂತ್ರಾಂಶದ ಪರದೆಯಲ್ಲಿರುವ ಗೆರೆಗಳು ಮಾತ್ರ ಸಾಮಾನ್ಯವಾಗಿ ನಾಲ್ಕರ ಲೆಕ್ಕದಲ್ಲಿ, ಒಂದೇ ವೇಗದಲ್ಲಿ ಇರುತ್ತವೆ. ಪ್ರತಿ ಪೆಟ್ಟನ್ನೂ ಎಳೆದು ಗೆರೆಯ ಮೇಲೆ ಕೂರಿಸಿದರೆ ತಮಟೆಯ ನಡಿಗೆಯೇ ಸತ್ತುಹೋಗುತ್ತದೆ. ಆವರ್ತದ ಮೊದಲ ಪೆಟ್ಟನ್ನಷ್ಟೇ ಗೆರೆಗೆ ಕಟ್ಟಿ ಉಳಿದವನ್ನು ನುಡಿಸಿದಂತೆಯೇ ಬಿಡುವುದು, ಗೆರೆಗಳನ್ನೇ ತಿಶ್ರಕ್ಕೆ ಬದಲಿಸಿಕೊಳ್ಳುವುದು ಲೇಸು. ಪರಕೀಯ ಮಾದರಿಯ ಮೇಲೆ ಊರ ವಾದ್ಯವನ್ನು ಅಲಂಕಾರವಾಗಿ ಅಂಟಿಸಿದ ಹಾಡುಗಳು ಬೇಗ ಹಳಸುವುದನ್ನು ನೋಡಿದರೆ ಈ ಶ್ರಮ ದುಂದೆನಿಸುವುದಿಲ್ಲ.

ಕಟ್ಟಿದ ಹಾಡು ಕೇಳುಗರನ್ನು ತಲುಪುವ ದಾರಿ ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ದೊಡ್ಡ ನಿದರ್ಶನ ಚರಣ್‌ಜಿತ್ ಸಿಂಗ್. ಮುಂಬಯಿಯ ಚಿತ್ರಸಂಗೀತದಲ್ಲಿ ವಾದಕರಾಗಿದ್ದ ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಆರ್-808 ತಾಳಯಂತ್ರ, ಟಿಬಿ-303 ಬೇಸ್ ಯಂತ್ರಗಳನ್ನು ಬಳಸಿ, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿದ ಧ್ವನಿತಟ್ಟೆಯೊಂದನ್ನು ಮುದ್ರಿಸಿದರು. ಅದೇ ಟಿಬಿ-303ರ ತಿರುಚಿದ ನಾದದಿಂದ ಷಿಕಾಗೋದ ಫ್ಯೂಚರ್ ತಂಡ ಆ್ಯಸಿಡ್ ಹೌಸ್ ಶೈಲಿಯನ್ನು ಆರಂಭಿಸಿದ್ದು 1987ರಲ್ಲಿ. ಸಿಂಗ್ ಅವರ ತಟ್ಟೆ ಆಗ ಮಾರಾಟವಾಗದೆ ಮೂಲೆ ಸೇರಿತು. 2010ರಲ್ಲಿ ಮರುಬಿಡುಗಡೆಯಾದ ಮೇಲಷ್ಟೇ ಹೊರದೇಶದ ಕೇಳುಗರು ಬೆರಗಾದರು, ಐದು ವರ್ಷದ ನಂತರ ಅವರು ತೀರಿಕೊಂಡರು. ಇಂದು ತಟ್ಟೆ ಒತ್ತಿಸುವ ಖರ್ಚಿಲ್ಲ. ಡಿಜಿಟಲ್ ವಿತರಕ ಸಂಸ್ಥೆಯೊಂದಕ್ಕೆ ಶುಲ್ಕವನ್ನೋ ಆದಾಯದ ಪಾಲನ್ನೋ ಕೊಟ್ಟರೆ ಅದು ಹಾಡನ್ನು ಸ್ಪಾಟಿಫೈ, ಜಿಯೊಸಾವನ್, ಯೂಟ್ಯೂಬ್ ಮುಂತಾದೆಡೆ ತಲುಪಿಸುತ್ತದೆ. ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತು ಬೀಳುತ್ತದೆ, ಹಾಡು ಎಲ್ಲಿ ಎಷ್ಟು ಬಾರಿ ನುಡಿಯಿತೆಂಬ ಲೆಕ್ಕ ಇದರಿಂದ ಸಿಗುತ್ತದೆ. ಕಳಿಸುವ ಮುನ್ನ ಮಾಸ್ಟರಿಂಗ್ ಎಂಬ ಕೊನೆಯ ಹದ ಮಾಡಬೇಕು, ಎಂದರೆ ಹಾಡಿನ ಒಟ್ಟು ಮಟ್ಟವನ್ನೂ ತಗ್ಗು–ಏರುಗಳ ಸಮತೋಲವನ್ನೂ ತಿದ್ದಬೇಕು. ಸ್ಪಾಟಿಫೈಯಂಥ ಸೇವೆಗಳು ಅತಿ ಜೋರಾಗಿ ಮಾಡಿ ಕಳಿಸಿದ ಹಾಡನ್ನು ತಾವೇ ತಗ್ಗಿಸಿ ನುಡಿಸುವುದರಿಂದ ಇಲ್ಲಿಯೂ ಬರಿಯ ಜೋರು ಗೆಲ್ಲುವುದಿಲ್ಲ.

ಡಿಜೆಯ ಕೈಚಳಕಕ್ಕೆ ಬಂದರೆ, ಅದರ ಮೊದಲ ಪಾಠ ವೇಗಗಳ ಹೊಂದಾಣಿಕೆ. ಜನರಿಗೆ ಕೇಳುತ್ತಿರುವ ಹಾಡು ಒಂದು, ಹೆಡ್‌ಫೋನಿನಲ್ಲಿ ಡಿಜೆಗೆ ಮಾತ್ರ ಕೇಳುತ್ತಿರುವ ಮುಂದಿನ ಹಾಡು ಇನ್ನೊಂದು. ವೇಗ ತಿದ್ದುವ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ ಎರಡರ ಕಿಕ್ಕುಗಳು ಒಂದಾಗುವಂತೆ ಮಾಡಿ, ಹೊಸ ಹಾಡಿನ ಎಂಟು ಆವರ್ತಗಳ ವಾಕ್ಯ ಹಳೆಯದರ ವಾಕ್ಯ ಮುಗಿಯುವಲ್ಲೇ ಶುರುವಾಗುವಂತೆ ಒತ್ತಬೇಕು, ಹಳೆಯದರ ಬೇಸನ್ನು ಇಳಿಸಿದ ಮೇಲೆಯೇ ಹೊಸದರ ಬೇಸನ್ನು ಏರಿಸಬೇಕು. 1972ರ ಟೆಕ್ನಿಕ್ಸ್ ಎಸ್‌ಎಲ್-1200 ತಟ್ಟೆಯಂತ್ರದ ಮೇಲೆ ಕಿವಿಯಿಂದಷ್ಟೇ ಮಾಡುತ್ತಿದ್ದ ಈ ಕೆಲಸವನ್ನು ಈಗ ಸಿಂಕ್ ಗುಂಡಿ ತಾನೇ ಮಾಡುತ್ತದೆ. ಗುಂಡಿ ಒತ್ತುವುದು ತಪ್ಪಲ್ಲ. ಉಳಿದ ಸಮಯದಲ್ಲಿ ಡಿಜೆ ಕುಣಿಯುವವರ ಕಾಲನ್ನು ನೋಡುತ್ತಾನೋ ತನ್ನ ಮೊಬೈಲನ್ನು ನೋಡುತ್ತಾನೋ ಎಂಬುದರ ಮೇಲೆ ವಿದ್ಯೆಯ ಬೆಲೆ ಗೊತ್ತಾಗುತ್ತದೆ. ಗಣೇಶ ವಿಸರ್ಜನೆಯಲ್ಲಿ ಗಂಟೆಗಟ್ಟಲೆ ಒಂದೇ ಉತ್ಕರ್ಷದಲ್ಲಿ ನುಡಿಸುವವರಿಗಿಂತ, ನಡುವೆ ಇಳಿಸಿ ಜನರಿಗೆ ನೀರು ಕುಡಿಯಲು ಬಿಡುವು ಕೊಟ್ಟು ಮತ್ತೆ ಏರಿಸುವ ತಮಟೆಯ ಮುಂದಾಳು ಈ ವಿಷಯದಲ್ಲಿ ಇನ್ನೂ ಒಂದು ಕೈ ಮೇಲೆಯೇ ಇದ್ದಾನೆ.

ಎರವಲು ಹಾಡಿನ ಮೇಲೆ ನಿಂತ ಡಿಜೆಗೆ ಕಾನೂನು ಒಂದು ಕಡೆ ಉದಾರ, ಇನ್ನೊಂದು ಕಡೆ ಕಠಿಣ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಧಾರ್ಮಿಕ ಆಚರಣೆಯ ಅಂಗವಾಗಿ, ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಂಭ್ರಮಗಳಲ್ಲಿ, ಮುದ್ರಿತ ಹಾಡನ್ನು ನುಡಿಸಿದರೆ ಹಕ್ಕಿನ ಉಲ್ಲಂಘನೆಯಾಗುವುದಿಲ್ಲ. ಆದರೆ ಅದೇ ಚಿತ್ರಗೀತೆಯ ತುಣುಕನ್ನು ಕತ್ತರಿಸಿ ರೀಮಿಕ್ಸ್ ಮಾಡಿ ತನ್ನ ಹೆಸರಿನಲ್ಲಿ ಬಿಡುಗಡೆ ಮಾಡಹೊರಟರೆ ಈ ವಿನಾಯಿತಿ ನೆರವಿಗೆ ಬರುವುದಿಲ್ಲ. ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರಕ್ಕೂ ಬೇರೆ ಬೇರೆ ಹಕ್ಕುಗಳಿರುವುದರಿಂದ ಎಲ್ಲ ಒಡೆಯರ ಒಪ್ಪಿಗೆ ಬೇಕಾಗುತ್ತದೆ, ಇಲ್ಲವಾದರೆ ಯೂಟ್ಯೂಬಿನ ಸ್ವಯಂಚಾಲಿತ ಗುರುತು ವ್ಯವಸ್ಥೆ ಹಾಡನ್ನು ತಡೆಯುತ್ತದೆ ಅಥವಾ ಅದರ ಆದಾಯವನ್ನು ಮೂಲ ಕಂಪನಿಗೆ ತಿರುಗಿಸುತ್ತದೆ. ಆಂಡರ್ಸನ್‌ಪೇಟೆಯ ಯುವಕರು ತಮ್ಮದೇ ಬೀದಿಯ ತಮಟೆ ಮೇಳವನ್ನು ಮುದ್ರಿಸಿಕೊಂಡು ಹಾಡು ಕಟ್ಟಿದರೆ ಈ ತೊಡಕೇ ಇರುವುದಿಲ್ಲವೆಂದು ತೋರಬಹುದಾದರೂ ಅಲ್ಲಿಯೂ ಒಂದು ಋಣವಿದೆ. ಅದೇ ಕಾಯ್ದೆಯ 38ನೆಯ ಕಲಮು ವಾದ್ಯ ನುಡಿಸಿದವರಿಗೆ ಅವರ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಟ್ಟಿರುವುದರಿಂದ, ಮೈಕು ಇಡುವ ಮೊದಲೇ ಮೇಳದ ಪ್ರತಿಯೊಬ್ಬರ ಹೆಸರು, ಸಂಭಾವನೆ, ಮುಂದಿನ ಆದಾಯದಲ್ಲಿ ಅವರ ಪಾಲು ಇವನ್ನು ಕಾಗದದ ಮೇಲೆ ಬರೆದು ಸಹಿ ಪಡೆಯಬೇಕು, ಬಿಡುಗಡೆಯ ಸಮಯದಲ್ಲಿ ವಿತರಕರ ನಮೂನೆಯಲ್ಲಿ ವಾದಕರ ಹೆಸರುಗಳಿಗೆಂದು ಇರುವ ಜಾಗವನ್ನು ಖಾಲಿ ಬಿಡದೆ ತುಂಬಬೇಕು.